ಸಿಲಿಂಡರ್ ಬೇಡ ಅಕ್ಕ, ರೆಗ್ಯುಲೇಟರ್ ಕೈಯಲ್ಲಿರಲಿ

“ಅಲ್ಲ ಕಣೋ, ಅಷ್ಟು ದೊಡ್ಡ ಸಿಲಿಂಡರನ್ನ ವಿಮಾನದೊಳಗೆ ಬಿಡ್ತಾರಾ?” ಅಂತ ಶಾರದಕ್ಕ ಕಾಂಪೌಂಡ್ ಆಚೆಯಿಂದ ಕೇಳಿದರು. ಅವರ ಮಗಳು ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಹತ್ತಿರ ಡೈವಿಂಗ್ ಕಲಿತು ಬಂದವಳು. ಈಗ ಸ್ನೇಹಿತೆಯರ ಜೊತೆ ಮಾಲ್ಡೀವ್ಸ್‌ಗೆ ಹೊರಟಿದ್ದಾಳೆ. ಸಾಮಾನೆಲ್ಲ ಸ್ವಂತದ್ದು, ನಡುಮನೆ ತುಂಬ ಹರಡಿಕೊಂಡು ಕೂತಿದ್ದಾಳಂತೆ.

ಸಿಲಿಂಡರನ್ನ ಯಾರೂ ಹೊತ್ಕೊಂಡು ಹೋಗಲ್ಲ ಶಾರದಕ್ಕ. ಅಲ್ಯೂಮಿನಿಯಂ ಸಿಲಿಂಡರ್ ಖಾಲಿ ಇದ್ದರೂ 14 ಕೆಜಿ ತೂಗುತ್ತೆ. ತುಂಬಿಸಿದರೆ ಒಳಗೆ 200 ಬಾರ್ ಒತ್ತಡ, ಅಂದರೆ ನಮ್ಮ ಸುತ್ತಲಿನ ಗಾಳಿಗಿಂತ 200 ಪಟ್ಟು. ಅಂಥದ್ದನ್ನ ವಿಮಾನದ ಹತ್ತಿರಕ್ಕೂ ಬಿಡಲ್ಲ. ಸಿಲಿಂಡರು, ಸೊಂಟಕ್ಕೆ ಕಟ್ಟೋ ಸೀಸದ ತೂಕ ಎರಡನ್ನೂ ಅಲ್ಲಿನ ಡೈವ್ ಸೆಂಟರ್‌ನವರೇ ಕೊಡ್ತಾರೆ. ಸಾಮಾನ್ಯವಾಗಿ ಡೈವಿಂಗ್ ದುಡ್ಡಿನಲ್ಲೇ ಅದೂ ಸೇರಿರುತ್ತೆ. ಒಂದು ಮಾತು ಮಾತ್ರ ಮೊದಲೇ ಕೇಳಿಕೊಳ್ಳಲಿ. ಸಿಲಿಂಡರ್ ಬಾಯಿಗೆ ರೆಗ್ಯುಲೇಟರ್ ಕೂರಿಸೋದರಲ್ಲಿ ಎರಡು ಬಗೆ: ಮೇಲಿಂದ ಪಟ್ಟಿ ಹಾಕಿ ಬಿಗಿಯೋದು ಯೋಕ್, ಮರೆಗೆ ತಿರುಪಿ ಕೂರಿಸೋದು ಡಿನ್. ಇವಳದು ಒಂದು, ಅಲ್ಲಿಯದು ಇನ್ನೊಂದು ಆದರೆ ದೋಣಿಯ ಮೇಲೆ ಕೂತು ಕಣ್ಣು ಬಿಡಬೇಕಾಗುತ್ತೆ. ಎರಡನ್ನೂ ಹೊಂದಿಸೋ ಅಡಾಪ್ಟರ್ ಅಂಗೈಯಗಲದ ಲೋಹದ ತುಂಡು, ಬ್ಯಾಗಿನ ಮೂಲೆಯಲ್ಲಿ ಹಿಡಿಸುತ್ತೆ.

“ಸರಿ, ಉಳಿದದ್ದೆಲ್ಲ ಒಂದೇ ಸೂಟ್‌ಕೇಸಿಗೆ ತುಂಬಿ ಬಿಡ್ಲಾ?” ಅಂದರು ಅಕ್ಕ.

ಖಂಡಿತ ಬೇಡ. ಸೂಟ್‌ಕೇಸ್ ದಾರಿ ತಪ್ಪಿ ಇನ್ನೊಂದು ಊರಿಗೆ ಹೋದರೂ ಮಗಳು ಮಾರನೇ ಬೆಳಿಗ್ಗೆ ನೀರಿಗಿಳಿಯೋ ಹಾಗಿರಬೇಕು. ಬಾಯಿಗೆ, ಕಣ್ಣಿಗೆ, ಮಣಿಕಟ್ಟಿಗೆ ತಾಗೋದೆಲ್ಲ ಅವಳ ಕೈಚೀಲದಲ್ಲೇ ಹೋಗಲಿ. ಅಂದರೆ ರೆಗ್ಯುಲೇಟರ್, ಮಾಸ್ಕ್, ಡೈವ್ ಕಂಪ್ಯೂಟರ್. ಗಾಳಿ ತುಂಬೋ ಜಾಕೆಟ್ಟು, ಕಾಲಿಗೆ ಹಾಕೋ ಫಿನ್ಸು, ವೆಟ್‌ಸೂಟು ಕಳೆದುಹೋದರೆ ಬಾಡಿಗೆಗೆ ಸಿಗುತ್ತೆ. ಹೊಟ್ಟೆ ಉರಿಯುತ್ತೆ, ಡೈವಿಂಗ್ ನಿಲ್ಲಲ್ಲ.

ರೆಗ್ಯುಲೇಟರ್ ವಿಷಯಕ್ಕೆ ಇಷ್ಟು ಒತ್ತಿ ಯಾಕೆ ಹೇಳ್ತೀನಿ ಅಂದರೆ, ಅದು ಅವಳ ಉಸಿರು. ಸಿಲಿಂಡರಿನ 200 ಬಾರ್ ಒತ್ತಡವನ್ನ ಮೊದಲನೇ ಹಂತದ ಲೋಹದ ಗಡ್ಡೆ ಸುಮಾರು 10 ಬಾರ್‌ಗೆ ಇಳಿಸುತ್ತೆ. ಬಾಯಲ್ಲಿ ಕಚ್ಚಿಕೊಳ್ಳೋ ಎರಡನೇ ಹಂತ ಅದನ್ನ ಅವಳಿರೋ ಆಳದ ಒತ್ತಡಕ್ಕೆ ಸರಿಹೊಂದಿಸಿ, ಉಸಿರೆಳೆದಾಗ ಮಾತ್ರ ಗಾಳಿ ಬಿಡುತ್ತೆ. ಕೂಸ್ಟೊ ಮತ್ತು ಗ್ಯಾನ್ಯಾಂ ಅನ್ನೋ ಇಬ್ಬರು ಫ್ರೆಂಚರು 1943ರಲ್ಲಿ ಆಕ್ವಾಲಂಗ್ ಮಾಡಿದರಲ್ಲ, ಕೆಲಸದ ತತ್ವ ಇವತ್ತಿಗೂ ಅದೇ. ಎರಡನೇ ಹಂತವನ್ನ ಕೈಗೆ ತಗೊಂಡು ಬಾಯಿಗಿಡೋ ರಬ್ಬರಿನ ಒಳಗೆ ಇಣುಕಿ ನೋಡಿ. ಕೆಳಗಡೆ ಸಿಲಿಕೋನಿನ ಒಂದು ದುಂಡನೆ ಪೊರೆ ಕಾಣುತ್ತೆ, ವೀಳ್ಯದೆಲೆಗಿಂತ ಸ್ವಲ್ಪ ದಪ್ಪ. ಬಿಟ್ಟ ಉಸಿರು ಅದನ್ನ ಎತ್ತಿಕೊಂಡು ಹೊರಗೆ ಹೋಗುತ್ತೆ, ನೀರು ಒಳಗೆ ಬರದ ಹಾಗೆ ಅದು ಮತ್ತೆ ಕೂರುತ್ತೆ. ಅದರ ಅಂಚು ಮಡಿಸಿಕೊಂಡರೂ ಸಾಕು, ಪ್ರತಿ ಉಸಿರಿನ ಜೊತೆ ಗುಟುಕು ಉಪ್ಪುನೀರು. ಮೂವತ್ತು ಕೆಜಿ ಸೂಟ್‌ಕೇಸುಗಳ ಅಡಿಯಲ್ಲಿ ಆ ಪೊರೆಯನ್ನ ಕಳಿಸೋಕೆ ನನಗೆ ಮನಸ್ಸು ಬರಲ್ಲ. ಕೊಳವೆಗಳನ್ನೂ ಚೂಪಾಗಿ ಮಡಿಸಬಾರದು, ದೊಡ್ಡ ಸುತ್ತು ಸುತ್ತಿ ಮೆತ್ತನೆ ಚೀಲದಲ್ಲಿ ಇಡಲಿ. ಮೊದಲನೇ ಹಂತದ ಬಾಯಿಗೆ ಡಸ್ಟ್ ಕ್ಯಾಪ್ ಬಿಗಿಯಾಗಿರಲಿ.

ಎಕ್ಸ್-ರೇ ಪರದೆಯ ಮೇಲೆ ಇದು ಲೋಹದ ಗಂಟು, ಅದಕ್ಕೆ ನಾಲ್ಕು ಬಾಲ. ಭದ್ರತಾ ಸಿಬ್ಬಂದಿ ಚೀಲ ತೆಗೆಸೋದು ಸಹಜ, ಅವರ ಕೆಲಸ ಅದು. ಕೇಳೋ ಮೊದಲೇ ಬೇರೆ ಟ್ರೇಯಲ್ಲಿಟ್ಟು, “ಡೈವಿಂಗ್ ರೆಗ್ಯುಲೇಟರ್, ಉಸಿರಾಡೋಕೆ” ಅಂತ ಹೇಳಿ, ಡೈವರ್ ಕಾರ್ಡ್ ತೋರಿಸಿದರೆ ಮಾತು ಬೇಗ ಮುಗಿಯುತ್ತೆ. ಚಾಕು, ದಾರ ಕತ್ತರಿಸೋ ಕತ್ತರಿ, ಸ್ಕ್ರೂಡ್ರೈವರ್ ಇವೆಲ್ಲ ಕೆಳಗೆ ಹೋಗೋ ಬ್ಯಾಗಿಗೆ. ಈ ಒಂದು ಕತ್ತರಿ ಮರೆತು ಕೈಚೀಲದಲ್ಲಿ ಉಳಿದರೆ ಅಲ್ಲೇ ಬಿಟ್ಟು ಹೋಗಬೇಕು.

ಮಾಸ್ಕ್ ಅಂದರೆ ಗಾಜು ಅಷ್ಟೇ ಅಲ್ಲ ಅಕ್ಕ. ನಿಮ್ಮ ಮಗಳಿಗೆ ಕನ್ನಡಕ ಇದೆ, ಪವರ್ ಹಾಕಿಸಿದ ಮಾಸ್ಕ್ ಇದ್ದರೆ ಅಂಥದ್ದು ಆ ದ್ವೀಪದಲ್ಲಿ ಬಾಡಿಗೆಗೆ ಸಿಗೋ ಖಾತ್ರಿ ಇಲ್ಲ. ಗಟ್ಟಿ ಡಬ್ಬಿಯಲ್ಲಿ ಹಾಕಲಿ, ಇಲ್ಲದಿದ್ದರೆ ಮೂಗಿನ ಭಾಗ ಅದುಮಿಕೊಂಡು ಆಕಾರ ಕೆಡುತ್ತೆ, ಆಮೇಲೆ ಮುಖಕ್ಕೆ ಕೂರಲ್ಲ. ತಿಳಿ ಸಿಲಿಕೋನ್ ಆದರೆ ಕಪ್ಪು ರಬ್ಬರಿಗೆ ತಾಗಿಸಿ ಇಡಬಾರದು, ಬಣ್ಣ ಹೀರಿಕೊಳ್ಳುತ್ತೆ.

ಬ್ಯಾಟರಿ ವಿಷಯದಲ್ಲಿ ಜನ ಬಹಳ ಎಡವೋದು. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಯಾವತ್ತೂ ಕೈಚೀಲದಲ್ಲೇ. ಕೆಳಗಿನ ಸಾಮಾನು ಕೋಣೆಯಲ್ಲಿ ಬೆಂಕಿ ಹತ್ತಿದರೆ ಯಾರ ಕೈಗೂ ಎಟುಕಲ್ಲ, ಮೇಲೆ ಆದರೆ ಸಿಬ್ಬಂದಿ ಆರಿಸಬಹುದು. ಲೆಕ್ಕ ಇರೋದು ವ್ಯಾಟ್-ಅವರ್‌ನಲ್ಲಿ: ವೋಲ್ಟನ್ನ ಆಂಪಿಯರ್-ಅವರ್‌ನಿಂದ ಗುಣಿಸಿ. ಟಾರ್ಚಿನ ದೊಡ್ಡ ಸೆಲ್ 3.6 ವೋಲ್ಟ್, 5 ಆಂಪಿಯರ್-ಅವರ್ ಇದ್ದರೆ 18 ಆಯ್ತು. 100ರವರೆಗೆ ವಿಶೇಷ ಅನುಮತಿ ಬೇಡ. 100ರಿಂದ 160ರವರೆಗಿನವಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಬಿಡಿಯಾಗಿ ಎರಡಕ್ಕಿಂತ ಹೆಚ್ಚು ಒಯ್ಯೋ ಹಾಗಿಲ್ಲ. ಒಂದಕ್ಕೊಂದು ತಾಗದ ಹಾಗೆ ತುದಿಗೆ ಟೇಪ್ ಅಂಟಿಸಿ. ಡೈವಿಂಗ್ ಟಾರ್ಚ್ ತಣ್ಣಗಿರೋದು ಸುತ್ತ ನೀರಿದ್ದಾಗ. ಬಟ್ಟೆಗಳ ನಡುವೆ ಅದರ ಗುಂಡಿ ಒತ್ತಿಹೋದರೆ ಬಟ್ಟೆ ಸುಡೋಷ್ಟು ಕಾಯುತ್ತೆ. ಅದಕ್ಕೇ ಸೆಲ್ ಹೊರಗೆ ತೆಗೆದು, ಟಾರ್ಚನ್ನೇ ಬೇರೆ ಇಡಬೇಕು.

“ತೂಕ ಎಷ್ಟಾಗುತ್ತಪ್ಪ ಎಲ್ಲಾ ಸೇರಿ?”

ಜಾಕೆಟ್ ಮೂರೂವರೆ ಕೆಜಿ, ರೆಗ್ಯುಲೇಟರ್ ಎರಡು, ಫಿನ್ಸ್ ಎರಡು, ವೆಟ್‌ಸೂಟ್ ಎರಡರ ಹತ್ತಿರ. ಅಂತೂ ಸುಮಾರು ಹತ್ತು ಕೆಜಿ ಅನ್ನಿ. ಬೆಂಗಳೂರಿನಿಂದ ಮಾಲೆವರೆಗೆ ಪರವಾಗಿಲ್ಲ. ಇಕ್ಕಟ್ಟು ಆಮೇಲೆ. ದೂರದ ದ್ವೀಪಕ್ಕೆ ಸೀಪ್ಲೇನ್ ಹತ್ತಬೇಕಾದರೆ ಸಾಮಾನ್ಯವಾಗಿ 20 ಕೆಜಿ ಬ್ಯಾಗು, 5 ಕೆಜಿ ಕೈಚೀಲ, ಅಷ್ಟೇ. ಮನೆಯಲ್ಲಿ ತೂಗೋವಾಗ ಈ ಚಿಕ್ಕ ವಿಮಾನದ ಲೆಕ್ಕಕ್ಕೆ ತೂಗಲಿ. ರೆಗ್ಯುಲೇಟರ್, ಮಾಸ್ಕ್, ಕಂಪ್ಯೂಟರ್, ಬ್ಯಾಟರಿ ಐದು ಕೆಜಿಯೊಳಗೆ ಬರುತ್ತವೆ. ಮೇಲೆ ಕ್ಯಾಮೆರಾ ಸೇರಿಸಿದರೆ ಬರಲ್ಲ. ನಾನಾಗಿದ್ದರೆ ಜಾಕೆಟ್ ಮನೆಯಲ್ಲೇ ಬಿಟ್ಟು ಅಲ್ಲಿ ಬಾಡಿಗೆಗೆ ತಗೋತಿದ್ದೆ. ಹೊಸದಾಗಿ ಕೊಂಡವಳಿಗೆ ಆಸೆ ಇರುತ್ತೆ, ಒಯ್ಯಲಿ ಬಿಡಿ. ಮಾಲ್ಡೀವ್ಸ್ ನೀರು ವರ್ಷವೆಲ್ಲ 27ರಿಂದ 30 ಡಿಗ್ರಿ, 3 ಮಿಲಿಮೀಟರ್ ವೆಟ್‌ಸೂಟ್ ಧಾರಾಳ ಸಾಕು.

ಕೆಳಗಿನ ಬ್ಯಾಗಿನಲ್ಲಿ ಫಿನ್ಸ್ ಎರಡನ್ನೂ ಬದಿಗೆ ಉದ್ದಕ್ಕೆ ನಿಲ್ಲಿಸಿ, ಪಾದದ ಜಾಗಕ್ಕೆ ಸಾಕ್ಸು, ಒಳಉಡುಪು ತುರುಕಿ. ಜಾಗ ಉಳಿಯುತ್ತೆ, ಆಕಾರವೂ ಕೆಡಲ್ಲ. ವೆಟ್‌ಸೂಟ್ ಮಡಿಸಬಾರದು, ಚಾಪೆ ಹಾಗೆ ಸುತ್ತಬೇಕು. ಮಡಿಕೆ ಬಿದ್ದ ಕಡೆ ಅದರೊಳಗಿನ ಗಾಳಿಗುಳ್ಳೆ ಅದುಮಿಹೋಗಿ ಅಲ್ಲಿ ಚಳಿ ತಡೆಯಲ್ಲ. ಜಾಕೆಟ್‌ನ ಗಾಳಿಯನ್ನ ಪೂರ್ತಿ ತೆಗೆಯಬೇಕು. ವಿಮಾನದೊಳಗಿನ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನ ಹಾಗಿರುತ್ತೆ. ನಮ್ಮ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಅಷ್ಟು ಎತ್ತರದಲ್ಲಿ ಒಳಗೆ ಉಳಿದ ಗಾಳಿ ಹಿಗ್ಗುತ್ತೆ. ಕ್ಯಾಮೆರಾ ಡಬ್ಬಿಯ ಓ-ರಿಂಗ್ ತೆಗೆದಿಡೋದೂ ಇದೇ ಕಾರಣಕ್ಕೆ.

ಹೊರಡೋ ದಿನ ಒಂದು ಗಂಟೆ ಮೊದಲೇ ಏರ್‌ಪೋರ್ಟಿಗೆ ಹೋಗಿ, ದುಬಾರಿ ಸಾಮಾನನ್ನ ಕಸ್ಟಮ್ಸ್‌ನವರಿಗೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಲಿ. ಸೀರಿಯಲ್ ನಂಬರ್, ಬಿಲ್ಲು ಜೊತೆಗಿರಲಿ. ವಾಪಸ್ ಬರೋವಾಗ ಇದು ಅಲ್ಲಿ ಕೊಂಡದ್ದಲ್ಲ, ಇಲ್ಲಿಂದಲೇ ಒಯ್ದದ್ದು ಅನ್ನೋಕೆ ಕೈಯಲ್ಲಿ ಕಾಗದ ಇರುತ್ತೆ. ಬರೋವಾಗ ದಂಡೆಯಲ್ಲಿ ಬಿದ್ದ ಹವಳದ ತುಂಡೂ ಬ್ಯಾಗಿಗೆ ಹಾಕಬಾರದು ಅಂತ ಗಟ್ಟಿಯಾಗಿ ಹೇಳಿ. ಅಲ್ಲೂ ಕಾನೂನು, ಇಲ್ಲೂ ಕಾನೂನು.

“ವಾಪಸ್ ಯಾವಾಗ?” ಅಂದೆ. ಶನಿವಾರ ಮಧ್ಯಾಹ್ನ ಕೊನೇ ಡೈವ್, ಅದೇ ರಾತ್ರಿ ವಿಮಾನ ಅಂದರು. ನನಗೆ ಎದೆ ಧಸಕ್ಕೆಂದಿತು.

ಅಕ್ಕ, ಅದು ಆಗಲ್ಲ. ಆಳದಲ್ಲಿದ್ದಾಗ ಮೈಯ ರಕ್ತ, ಕೊಬ್ಬಿನೊಳಗೆ ನೈಟ್ರೋಜನ್ ಕರಗಿ ಕೂರುತ್ತೆ. ಅದು ಮೆಲ್ಲಗೆ ಹೊರಗೆ ಹೋಗೋಕೆ ಹೊತ್ತು ಬೇಕು. ಅಷ್ಟರೊಳಗೆ ವಿಮಾನ ಹತ್ತಿ ಒತ್ತಡ ಇಳಿದರೆ, ಅದು ಮೈಯೊಳಗೇ ಗುಳ್ಳೆಯಾಗಿ ಏಳಬಹುದು. ಕೀಲು ನೋವಿನಿಂದ ಹಿಡಿದು ಲಕ್ವದವರೆಗೂ ಹೋಗಬಹುದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನವರು 2002ರಲ್ಲಿ ತಜ್ಞರನ್ನ ಸೇರಿಸಿ ಗೊತ್ತುಮಾಡಿದ ಲೆಕ್ಕ ಇದೆ: ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ತಾಸು, ದಿನಾ ಹಲವು ಡೈವ್ ಮಾಡಿದ್ದರೆ ಕನಿಷ್ಠ 18 ತಾಸು. ಪೂರ್ತಿ ಒಂದು ದಿನ ಬಿಡೋದು ನನ್ನ ಪಟ್ಟು. ಸೀಪ್ಲೇನೂ ಹಾರಾಟವೇ, ಲೆಕ್ಕ ಅದಕ್ಕೂ ಹಿಡಿಯಲಿ. ವಿಮಾನಕ್ಕಷ್ಟೇ ಈ ಮಾತು ಅಲ್ಲ. ನೇತ್ರಾಣಿಯಲ್ಲಿ ಮಧ್ಯಾಹ್ನದವರೆಗೆ ಡೈವ್ ಮಾಡಿ ಅದೇ ರಾತ್ರಿ ಬಸ್ಸಿನಲ್ಲಿ ಘಾಟಿ ಹತ್ತಿ ಬೆಂಗಳೂರಿಗೆ ಬರೋ ಹುಡುಗರಿದ್ದಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಅವರಿಗೂ ಇದನ್ನೇ ಹೇಳ್ತೀನಿ.

ಆ ಬಿಡುವಿನ ದಿನವೇ ಸಾಮಾನು ಒಣಗೋ ದಿನ. ಸಿಹಿನೀರಿನಲ್ಲಿ ನೆನೆಸಿ, ಜಾಕೆಟ್ ಒಳಗೂ ನೀರು ಹಾಕಿ ಕುಲುಕಿ ಚೆಲ್ಲಿ, ನೆರಳಿನಲ್ಲಿ ತೂಗುಹಾಕಬೇಕು. ಒದ್ದೆ ವೆಟ್‌ಸೂಟ್ ಹಾಗೇ ತುಂಬಿದರೆ ಹೋಗೋವಾಗ 20 ಕೆಜಿ ಇದ್ದ ಬ್ಯಾಗು ಬರೋವಾಗ ಇಪ್ಪತ್ತೆರಡು.

“ಹಾಗಾದ್ರೆ ಟಿಕೆಟ್?”

ಈಗಲೇ ಒಳಗೆ ಹೋಗಿ ಹೇಳಿ ಅಕ್ಕ. ಭಾನುವಾರ ಸಂಜೆಯದ್ದಕ್ಕೆ ಬದಲಾಯಿಸಲಿ. ಸಿಗದಿದ್ದರೆ ಶನಿವಾರದ ಡೈವ್ ಬಿಡಲಿ.