ಹೆಸರು ಹಿಡಿವ ಮೈಕು: ಮಸ್ಕಿ ಶಾಸನದ ಧ್ವನಿಶಾಸ್ತ್ರ

ತಬಲಾ, ದಿಮ್ಮಡಿಗಳ ಮುಂದೆ ಮೈಕು ಎಷ್ಟು ದೂರವಿರಬೇಕು ಎಂಬ ಪ್ರಶ್ನೆಗೆ ಉತ್ತರವು ಕ್ರಿ.ಪೂ. 3ನೆಯ ಶತಮಾನದಿಂದಲೇ ಮಸ್ಕಿಯ ಬಂಡೆಯ ಮೇಲಿದ್ದರೂ ಪಂಡಿತರು ಅದನ್ನು ಬರೀ ಧರ್ಮಶಾಸನವೆಂದು ಓದಿಕೊಂಡು ಬಂದದ್ದು ವಿಷಾದದ ಸಂಗತಿ. 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿಯನ್ನು ಬಿಡಿಸಿದ ಮೇಲೆ ಬಂಡೆ ಬಂಡೆಯಿಂದಲೂ ಕೇಳಿಬಂದದ್ದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳೇ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಮಸ್ಕಿಯ ಶಾಸನ ಬಿದ್ದಾಗಲೇ ಬಿರುದಿನ ಬೆನ್ನಿಗೆ 'ಅಶೋಕ' ಎಂಬ ಹೆಸರು ಸಿಕ್ಕಿದ್ದು. ಪಕ್ಕದ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೂ ಇರುವುದು ಬಿರುದೇ. ಇದರಿಂದ ಸಿದ್ಧವಾಗುವುದೇನೆಂದರೆ, ದೂರದ ಮೈಕಿಗೆ ಬಿರುದು ಸಿಗುತ್ತದೆ, ಹತ್ತಿರದ್ದಕ್ಕೆ ಹೆಸರು.

ತಬಲಾದಲ್ಲಿ ಬೆರಳು ಅಂಚಿಗೆ ತಾಗಿದ ಕ್ಷಣದ 'ಟಕ್' ಹೆಸರು; ಆಮೇಲೆ ಗೋಡೆಗೆ ಬಡಿದು ಬರುವ ಗುಂಯ್‌ಕಾರ ಬಿರುದು. ಎರಡೂ ಬೇಕೆಂದರೆ ದಾಯಾ, ಡಗ್ಗಾಗಳ ನಡುವೆ, ಒಂದು ಗೇಣು ಮೇಲೆ, ಕೈಗೆ ಅಡ್ಡ ಬಾರದಂತೆ ಓರೆಯಾಗಿ ಮೈಕು ಇಡಬೇಕು. ನಾಲ್ಕು ಬೆರಳಿನಷ್ಟು ಹತ್ತಿರ ಒಯ್ದರೆ ಒಂದೇ ದಿಕ್ಕಿಗೆ ಕಿವಿಗೊಡುವ ಮೈಕು ತಗ್ಗು ದನಿಯನ್ನು ಉಬ್ಬಿಸುತ್ತದೆ. ಡಗ್ಗಾದ 'ಘೇ' ಫ್ಲೆಕ್ಸಿನ ಮೇಲಿನ ಮುಖಂಡರಂತೆ ಮಿಕ್ಕವರ ಜಾಗವನ್ನೂ ತುಂಬುತ್ತದೆ. ಕಂಡೆನ್ಸರ್ ಮೈಕಿನ ತೆಳು ಪೊರೆ ಬೆರಳ ತುದಿಯನ್ನೂ ಕೇಳಿಸಿಕೊಳ್ಳುತ್ತದೆ, ನಿಜ. ಆದರೆ ಗುಡಿಯ ಅಂಗಳದ ಭಜನೆಯಲ್ಲಿ ಅದು ಜನರೇಟರನ್ನೂ ಅಷ್ಟೇ ಭಕ್ತಿಯಿಂದ ಆಲಿಸುತ್ತದೆ. ಅಲ್ಲಿ ಒರಟು ಡೈನಾಮಿಕ್ಕೇ ವಾಸಿ.

ನಿಟ್ಟೂರು, ಉದೇಗೊಳ, ಮಧ್ಯಪ್ರದೇಶದ ಗುಜರ್ರಾಗಳಲ್ಲೂ ಅಶೋಕನ ಹೆಸರಿದೆಯಲ್ಲ ಎಂದು ಕೆಲವರು ತಕರಾರು ತೆಗೆಯಬಹುದು. ಇದು ನಮ್ಮ ವಾದಕ್ಕೆ ಬಲವೇ. ಒಂದೇ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉದೇಗೊಳಗಳು ಜೋಡಿ ಮೈಕು; ಗುಜರ್ರಾ ಸಭಾಂಗಣದ ಹಿಂಬದಿಗೆ ಕಟ್ಟಿದ್ದು. ಜೋಡಿಯಲ್ಲಿ ಅಪಾಯವೂ ಉಂಟು: ಒಂದು ಮೈಕು ಇನ್ನೊಂದಕ್ಕಿಂತ 17 ಸೆಂ.ಮೀ. ಹಿಂದಿದ್ದರೆ 1000 ಹರ್ಟ್ಸ್ ಆಸುಪಾಸಿನ ನಾದವನ್ನು ಎರಡೂ ಸೇರಿ ನುಂಗಿಹಾಕುತ್ತವೆ. ದಿಮ್ಮಡಿಯ ಮುಂದೊಂದು, ಹಿಂದೊಂದು ಇಟ್ಟರಂತೂ ಚರ್ಮ ಒಂದರಿಂದ ದೂರ ಸರಿದಾಗ ಇನ್ನೊಂದರತ್ತ ಬರುತ್ತದೆ. ಹಿಂದಿನದರ ಪೋಲಾರಿಟಿಯನ್ನು ತಿರುವದಿದ್ದರೆ ದಿಮ್ಮಡಿ ಹೋಗಿ ರಟ್ಟಿನ ಡಬ್ಬ ಉಳಿಯುತ್ತದೆ.

ಅಶೋಕನೇ ನಾಲ್ಕನೆಯ ಶಿಲಾಶಾಸನದಲ್ಲಿ ಭೇರಿಘೋಷ ಈಗ ಧರ್ಮಘೋಷವಾಗಿದೆ ಎಂದಿದ್ದಾನಲ್ಲ, ಚರ್ಮವಾದ್ಯಕ್ಕೂ ಅವನಿಗೂ ಏನು ಸಂಬಂಧ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಅವನು ಭೇರಿಯನ್ನು ಒಡೆಸಿದನೆಂದು ಅಲ್ಲೆಲ್ಲಿದೆ? ಘೋಷ ಘೋಷವಾಗಿಯೇ ಉಳಿದಿದೆ, ಬದಲಾದದ್ದು ಮಿಕ್ಸಿಂಗ್. ಇಷ್ಟಕ್ಕೂ ಸಮಾಧಾನವಾಗದವರು ಬ್ರಹ್ಮಗಿರಿಗೆ ಹೋಗಿ ನೋಡಬಹುದು. ಅಲ್ಲಿ ಶಾಸನದ ಕೊನೆಗೆ ಚಪಡ ಎಂಬ ಲಿಪಿಕಾರ ತನ್ನ ಹೆಸರು ಹಾಕಿದ್ದಾನೆ; 'ಲಿಪಿಕಾರ' ಎಂಬ ಮಾತನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಮಿಕ್ಸರಿನ ಗುಂಡಿಗಳ ಕೆಳಗೆ ಅಂಟಿಸಿದ ಟೇಪಿನ ಬರಹವೂ ಹಾಗೆಯೇ, ಅದನ್ನು ಇನ್ನೊಬ್ಬ ಸೌಂಡಿನವನೇ ಓದಬೇಕು.