ದಿನಕ್ಕೆ ಹತ್ತು ಸಲ ಸಂಜೆ

(ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆ ಕಡೆಯ ಒಂದು ಮನೆ. ಆಟಿ ತಿಂಗಳ ಮಳೆ ಹೊಯ್ಯುತ್ತಿದೆ. ನಿವೃತ್ತ ವಿಜ್ಞಾನ ಮಾಷ್ಟ್ರು ಚಾವಡಿಯಲ್ಲಿ, ಅವರ ಹೆಂಡತಿ ಸರಸಕ್ಕ ಬಾಗಿಲಲ್ಲಿ. ವಯರಿಂಗ್ ಕೆಲಸದ ಲೋಕು ಬೆಳ್ತಂಗಡಿಯ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದು ರೇನ್‌ಕೋಟು ಕೊಡವುತ್ತಿದ್ದಾನೆ. ಮಧ್ಯಾಹ್ನ ಎರಡೂವರೆ ಗಂಟೆಗೆ ಅಂಗಳದ ಲೈಟು ಉರಿಯುತ್ತಿದೆ.)

ಲೋಕು: ಎಂತ ಮಾಷ್ಟ್ರೇ, ಹಗಲಿಗೇ ಲೈಟು? ನೆಂಟರು ಬರ್ಲಿಕ್ಕುಂಟಾ?

ಸರಸಕ್ಕ: ಅದು ಇವರ ಕಣ್ಣು ಮಾರಾಯ, ಮೂಡುಬಿದಿರೆಯಿಂದ ತಂದದ್ದು. ಹೊತ್ತು ಮುಳುಗಿದ್ರೆ ತನ್ನಿಂದ ತಾನೇ ಉರೀತದೆ, ಬೆಳಗಾದ್ರೆ ನಂದ್ತದೆ ಅಂತ ಹೇಳಿದ್ರು. ಈಗ ನಮ್ಮಲ್ಲಿ ದಿನಕ್ಕೆ ಹತ್ತು ಸಲ ಸಂಜೆ.

ಮಾಷ್ಟ್ರು: ಕಣ್ಣಲ್ಲ. ಸೆನ್ಸರ್.

ಲೋಕು: ರಾತ್ರಿ ಎಂತ ಆಗ್ತದೆ?

ಸರಸಕ್ಕ: ಉರೀತದೆ. ಸ್ವಲ್ಪ ಹೊತ್ತಿಗೆ ನಂದ್ತದೆ. ಪುನಃ ಉರೀತದೆ. ಆಚೆ ಮನೆಯ ಅಕ್ಕ ಫೋನ್ ಮಾಡಿ, ಸುರತ್ಕಲ್ಲಿನ ಲೈಟ್‌ಹೌಸ್ ಅಲ್ಲಿಗೆ ಬಂತಾ ಅಂತ ಕೇಳಿದ್ರು. ಇನ್ನೊಬ್ಬರು, ಮದುವೆ ಯಾರದ್ದು ಅಂತ. ನಮ್ಮಲ್ಲಿ ಮದುವೆಗೆ ಬಾಕಿ ಇರುದು ಬೆಕ್ಕು ಮಾತ್ರ!

ಮಾಷ್ಟ್ರು: ತತ್ತ್ವ ಸರಿಯೇ ಉಂಟು ಲೋಕು. 1873ರಲ್ಲಿ ಇಂಗ್ಲೆಂಡಿನ ವಿಲ್ಲೋಬಿ ಸ್ಮಿತ್ ಅಂತ ಒಬ್ಬ, ಸಮುದ್ರದಡಿಯ ಕೇಬಲ್ ಪರೀಕ್ಷೆ ಮಾಡುವಾಗ ನೋಡಿದ. ಸೆಲೆನಿಯಮ್ ಕಡ್ಡಿಗೆ ಬೆಳಕು ಬಿದ್ರೆ ಕರೆಂಟು ಹೆಚ್ಚು ಹರೀತದೆ. ಈಗಿನ ಅಗ್ಗದ ಸೆನ್ಸರಿನಲ್ಲಿ ಹೆಚ್ಚಾಗಿ ಕ್ಯಾಡ್ಮಿಯಮ್ ಸಲ್ಫೈಡ್. ಬೆಳಕಿದ್ರೆ ರೋಧ ಕಡಿಮೆ, ಕತ್ತಲಾದ್ರೆ ಜಾಸ್ತಿ. ಅದನ್ನು ನೋಡಿ ಒಳಗಿನ ರಿಲೇ ‘ಟಕ್’ ಅಂತದೆ. ಇದನ್ನೆಲ್ಲ ನಾನು ಹತ್ತನೇ ಕ್ಲಾಸಿಗೆ ಕಲಿಸಿದ್ದೇನೆ.

ಲೋಕು: ಗೊತ್ತುಂಟು ಮಾಷ್ಟ್ರೇ, ಆ ಕ್ಲಾಸಿನಲ್ಲಿ ನಾನೂ ಇದ್ದೆ. ನೀವು ಹೊರಗೆ ನಿಲ್ಲಿಸಿದ್ರಿ.

ಮಾಷ್ಟ್ರು: ಅದಕ್ಕೇ ನೀನು ವಯರಿಂಗ್ ಕಲಿತದ್ದು.

(ಲೋಕು ಏಣಿ ಇಡುತ್ತಾನೆ. ಮಾಡಿನ ಅಡಿಯಲ್ಲಿ, ಲೈಟಿನಿಂದ ಒಂದು ಗೇಣು ಕೆಳಗೆ, ಸೆನ್ಸರ್ ಮೇಲಕ್ಕೆ ಮುಖಮಾಡಿ ಕೂತಿದೆ. ಮಾಷ್ಟ್ರು ಅದನ್ನು ಅಳೆದು, ಪೆನ್ಸಿಲಿನಲ್ಲಿ ಗೆರೆ ಹಾಕಿ, ನೆಟ್ಟಗೆ ಕೂರಿಸಿದ್ದಾರೆ. ಆ ವಿಷಯದಲ್ಲಿ ತಪ್ಪು ಹುಡುಕುವ ಹಾಗಿಲ್ಲ.)

ಲೋಕು: ಓ ದೇವರೇ! ಇದಕ್ಕೆ ಕತ್ತಲಾಯ್ತು, ಲೈಟು ಹಾಕಿತು. ಆ ಬೆಳಕು ಇದರ ಮುಖಕ್ಕೇ ಬಿತ್ತು. ‘ಹೋ, ಬೆಳಗಾಯ್ತು’ ಅಂತ ನಂದಿಸಿತು. ನಂದಿಸಿದ್ರೆ ಪುನಃ ಕತ್ತಲು.

ಸರಸಕ್ಕ: ಪಾಪ, ಅದಕ್ಕೆ ನಿದ್ರೆಯೇ ಇಲ್ಲ.

ಮಾಷ್ಟ್ರು: ಹಾಗಾದ್ರೆ ಮಿಂಚು ಹೊಡೆದಾಗಲೂ ನಂದಬೇಕಿತ್ತಲ್ಲ? ನಂದಲಿಲ್ಲ. ನಾನು ಮಳೆಯಲ್ಲಿ ನಿಂತು ನೋಡಿದ್ದೇನೆ.

ಸರಸಕ್ಕ: ಅದರ ಕೆಮ್ಮು ಇನ್ನೂ ಉಂಟು.

ಲೋಕು: ಮಿಂಚಿಗೆ, ಬೈಕಿನ ಲೈಟಿಗೆಲ್ಲ ಇದು ಕ್ಯಾರ್ ಮಾಡುದಿಲ್ಲ. ಸ್ವಲ್ಪ ಹೊತ್ತು ನಿಂತ ಬೆಳಕನ್ನು ಮಾತ್ರ ನಂಬ್ತದೆ, ಹಾಗೆ ಮಾಡಿ ಇಟ್ಟಿದ್ದಾರೆ. ಇನ್ನು ಹಗಲಿನದ್ದು. ಈ ಮಾಡಿನ ಕೆಳಗೆ, ಎದುರಿಗೆ ಹಲಸಿನ ಮರ, ಅದರಾಚೆ ಅಡಿಕೆ ತೋಟ, ಮೇಲಿಂದ ಆಟಿಯ ಮೋಡ. ಬೆಳ್ತಂಗಡಿಯಲ್ಲಿ ನಿಂತ್ರೆ ಇವತ್ತು ಗಡಾಯಿಕಲ್ಲು ಗುಡ್ಡವೇ ಕಾಣುದಿಲ್ಲ, ಇಲ್ಲಿ ಇದಕ್ಕೆ ಸೂರ್ಯ ಎಲ್ಲಿಂದ ಕಾಣ್ಬೇಕು? ಇದಕ್ಕೆ ಗಂಟೆ ಗೊತ್ತಿಲ್ಲ ಮಾಷ್ಟ್ರೇ, ಬೆಳಕು ಮಾತ್ರ ಗೊತ್ತು.

ಸರಸಕ್ಕ: ಗಂಟೆ ಗೊತ್ತಿರುವ ಸಾಮಾನು ಸಿಗುದಿಲ್ವಾ?

ಮಾಷ್ಟ್ರು: ಟೈಮರ್ ಸಿಗ್ತದೆ. ಆದ್ರೆ ನಮ್ಮಲ್ಲಿ ನವೆಂಬರಿನಲ್ಲಿ ಹೊತ್ತು ಮುಳುಗುದು ಆರರ ಸುಮಾರಿಗೆ, ಜುಲೈಯಲ್ಲಿ ಏಳರ ಸುಮಾರಿಗೆ. ಒಂದು ಗಂಟೆಯ ವ್ಯತ್ಯಾಸ! ಆಗಾಗ ತಿರುಪುದು ಯಾರು?

ಸರಸಕ್ಕ: ಮೂಡುಬಿದಿರೆಯ ಜೈನರು ಹೊತ್ತು ಮುಳುಗುವ ಮೊದಲೇ ಊಟ ಮುಗಿಸ್ತಾರೆ. ಸಾವಿರ ಕಂಬದ ಬಸದಿ ಕಟ್ಟಿದ ಕಾಲದಲ್ಲಿ ಅವರು ಯಾವ ಸೆನ್ಸರ್ ತಂದಿದ್ರು?

ಮಾಷ್ಟ್ರು: ಅದು 1430.

ಸರಸಕ್ಕ: ಇಸವಿ ಕೇಳಿದ್ದಲ್ಲ ನಾನು.

(ಲೋಕು ಸೆನ್ಸರಿನ ಮುಖಕ್ಕೆ ಟಾರ್ಚು ಹಿಡಿದು ನಿಲ್ಲುತ್ತಾನೆ. ಸ್ವಲ್ಪ ಹೊತ್ತಿಗೆ ಟಕ್ ಅಂತ ಲೈಟು ನಂದುತ್ತದೆ. ಪೂರ್ತಿ ಅಲ್ಲ, ಮಿಣಿಮಿಣಿ ಅನ್ನುತ್ತಿದೆ. ಬಲ್ಬು ತೆಗೆದು ಹೋಲ್ಡರಿಗೆ ಟೆಸ್ಟರ್ ಇಟ್ಟವನು ಹಾಗೇ ಏಣಿಯಲ್ಲಿ ಎರಡು ಮೆಟ್ಟಲು ಕೆಳಗೆ ಬರುತ್ತಾನೆ.)

ಲೋಕು: ಮಾಷ್ಟ್ರೇ, ಮೊದಲು ಮೈನ್ ಆಫ್ ಮಾಡಿ. ಲೈಟು ನಂದಿದೆ, ಹೋಲ್ಡರಿನಲ್ಲಿ ಕರೆಂಟು ಹಾಗೇ ಉಂಟು! ನೀವು ಫೇಸನ್ನು ಸೀದಾ ಲೈಟಿಗೆ ಕೊಟ್ಟು, ಸೆನ್ಸರಿನಲ್ಲಿ ನ್ಯೂಟ್ರಲ್ ಕಟ್ ಮಾಡಿದ್ದೀರಿ.

ಮಾಷ್ಟ್ರು: ಯಾವುದು ಕಟ್ ಆದ್ರೂ ಸರ್ಕ್ಯೂಟ್ ಕಟ್ ಅಲ್ವಾ?

ಲೋಕು: ಬೋರ್ಡಿನ ಮೇಲೆ ಬರೆಯುವಾಗ ಹೌದು. ಒದ್ದೆ ಕೈಯಲ್ಲಿ ಬಲ್ಬು ತೆಗೆಯುವವನಿಗೆ ಅಲ್ಲ.

ಸರಸಕ್ಕ: ಅದಕ್ಕೇ ಅದು ಮಿಣಿಮಿಣಿ ಅನ್ನುದಾ? ಜೀರೋ ಬಲ್ಬು ಫ್ರೀ ಸಿಕ್ಕಿತು ಅಂತ ಇವರು ಊರಿಡೀ ಹೇಳಿಕೊಂಡು ಬಂದ್ರು!

ಲೋಕು: ಎಲ್‌ಇಡಿಗೆ ಅಷ್ಟು ಚೂರು ಸೋರಿದ್ರೂ ಸಾಕಕ್ಕ. ಸೆನ್ಸರಿನ ಡಬ್ಬದ ಮೇಲೆ ವಯರಿಂಗಿನ ಚಿತ್ರ ಇರ್ತದೆ, ಡಬ್ಬ ಎಲ್ಲುಂಟು?

ಸರಸಕ್ಕ: ಬಚ್ಚಲ ಒಲೆಗೆ ಹಾಕಿದೆ. ಮಳೆಗಾಲ, ಕಟ್ಟಿಗೆ ಎಲ್ಲ ಚಂಡಿ.

ಲೋಕು: ಇರ್ಲಿ, ಇದರ ಮೈಮೇಲೂ ಬರೆದಿದ್ದಾರೆ. ಮೂರು ವಯರು. ಇದರಲ್ಲಿ ಕಪ್ಪಿಗೆ ಫೇಸ್ ಬರಬೇಕು, ಕೆಂಪು ಲೈಟಿಗೆ ಹೋಗಬೇಕು, ಬಿಳಿ ನ್ಯೂಟ್ರಲ್. ಎಲ್ಲ ಕಂಪೆನಿಯದ್ದೂ ಹೀಗೇ ಅಂತ ಇಲ್ಲ, ಓದಿಯೇ ಹಾಕ್ಬೇಕು. ನ್ಯೂಟ್ರಲ್ ಲೈಟಿಗೂ ಬೇಕು, ಸೆನ್ಸರಿಗೂ ಬೇಕು.

ಮಾಷ್ಟ್ರು: ಕಪ್ಪು ಅಂದ್ರೆ ನ್ಯೂಟ್ರಲ್ ಅಲ್ವಾ? ನಾನು ನಮ್ಮ ಮನೆಯ ವಯರಿಂಗಿನ ಬಣ್ಣ ನೋಡಿ ಜೋಡಿಸಿದ್ದು!

ಲೋಕು: ಅಲ್ಲೇ ಎಲ್ಲರೂ ಬೀಳುದು.

(ಸೆನ್ಸರ್ ಈಗ ಮಾಡಿನಿಂದ ಹೊರಗೆ, ಗೋಡೆಯ ಮೂಲೆಗೆ ಬಂತು. ಮುಖ ಬಯಲಿನ ಕಡೆ, ಬೆನ್ನು ಲೈಟಿಗೆ. ಮಳೆನೀರು ವಯರಿನ ಮೇಲೆ ಹರಿದು ಜೋಡಣೆಗೆ ಹೋಗದ ಹಾಗೆ ಲೋಕು ವಯರನ್ನು ಒಮ್ಮೆ ಕೆಳಗೆ ಬಗ್ಗಿಸಿ ಮೇಲಕ್ಕೆ ಒಯ್ದಿದ್ದಾನೆ. ಮಾಷ್ಟ್ರು ಚಾವಡಿಯಲ್ಲಿ ಕಾಗದ ಹಿಡಿದು ಲೆಕ್ಕ ಮಾಡುತ್ತಿದ್ದಾರೆ.)

ಮಾಷ್ಟ್ರು: 9 ವಾಟ್, ರಾತ್ರಿಗೆ 12 ಗಂಟೆ. ತಿಂಗಳಿಗೆ ಮೂರೂಕಾಲು ಯೂನಿಟ್ ಸಹ ಇಲ್ಲ. ಹಿಂದಿನ 60 ವಾಟಿನ ಬಲ್ಬಾಗಿದ್ರೆ ಇಪ್ಪತ್ತೊಂದೂವರೆ ದಾಟ್ತಿತ್ತು. ಗೃಹಜ್ಯೋತಿಯ ಫ್ರೀ ಕರೆಂಟಿನ ಲೆಕ್ಕ ಮೀರುದಿಲ್ಲ.

ಸರಸಕ್ಕ: ಹಗಲು ಉರಿದದ್ದನ್ನೂ ಸೇರಿಸಿ ಹೇಳಿ.

ಮಾಷ್ಟ್ರು: ಅದು ಪ್ರಯೋಗದ ಖರ್ಚು.

ಲೋಕು: ಅಕ್ಕ, ಒಂದು ಗೆರಟೆ ಕೊಡಿ. ಮೈನ್ ಹಾಕಿ ಮಾಷ್ಟ್ರೇ.

(ಗೆರಟೆಯನ್ನು ಸೆನ್ಸರಿನ ಮೇಲೆ ಕವುಚಿ ಹಿಡಿಯುತ್ತಾನೆ. ಮೂವರೂ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಟಕ್. ಲೈಟು ಉರಿಯಿತು. ಗೆರಟೆ ತೆಗೆದು ಕಾದರೆ ನಂದಿತು, ಈ ಸಲ ಪೂರ್ತಿ.)

ಮಾಷ್ಟ್ರು: ನೋಡಿದೆಯಾ! ತತ್ತ್ವ ಸರಿ ಅಂತ ನಾನು ಆಗಲೇ ಹೇಳ್ಲಿಲ್ವಾ?

ಸರಸಕ್ಕ: ಲೋಕು, ಮಳೆ ಸುರುವಾಗುವಾಗ ರೆಕ್ಕೆ ಹುಳ ಬರ್ತದಲ್ಲ, ಆಗ ರಾತ್ರಿ ಇದನ್ನು ನಂದಿಸುದು ಹೇಗೆ?

ಲೋಕು: ಅದಕ್ಕೆ ಸೆನ್ಸರಿಗಿಂತ ಮುಂಚೆ ಒಂದು ಸ್ವಿಚ್ ಬೇಕು.

ಸರಸಕ್ಕ: ಇದು ಹಾಳಾದ ದಿನ ಹಟ್ಟಿಗೆ ಹೋಗ್ಲಿಕ್ಕೆ ಬೆಳಕು? ಹಾವು ಹುಪ್ಪಟೆ ಇರುವ ಜಾಗ.

ಲೋಕು: ಅದಕ್ಕೆ ಸೆನ್ಸರನ್ನು ಬಿಟ್ಟು ಸೀದಾ ಲೈಟಿಗೆ ಇನ್ನೊಂದು ಸ್ವಿಚ್.

ಮಾಷ್ಟ್ರು: ಹೇ, ನಿಲ್ಲಿ ನಿಲ್ಲಿ! ಸ್ವಿಚ್ಚಿನ ಹತ್ತಿರ ಹೋಗುದು ಬೇಡ ಅಂತ ನಾನು ಇದನ್ನು ತಂದದ್ದು. ಮೊದಲು ಒಂದು ಸ್ವಿಚ್ ಇತ್ತು!

ಲೋಕು: ಈಗ ಎರಡು.

ಸರಸಕ್ಕ: ಯಾವುದು ಎಂತಕ್ಕೆ ಅಂತ ಬರೆದು ಅಂಟಿಸು ಮಾರಾಯ. ಇವರ ಹತ್ರ ಬರೆಸಬೇಡ, ಸುರುವಿಗೆ 1873 ಅಂತ ಬರೀತಾರೆ.