ಟವರ್ ಮೇಲಿನ ಬಾಣಂತನ

ನಮ್ಮ ವೈಟ್‌ಫೀಲ್ಡ್ ಕಡೆ ವೇಗದ ಬಗ್ಗೆ ಮಾತಾಡುವವರು ಬಹಳ, ವೇಗವಾಗಿ ಹೋದವರನ್ನು ಕಂಡವರು ಕಡಿಮೆ. ಕೊತ್ತಂಬರಿ ಸೊಪ್ಪು ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ಬರುತ್ತದೆ. ಅದನ್ನು ತರಿಸಿದ ಮನುಷ್ಯ ಮಾತ್ರ ಹೂಡಿಯಿಂದ ಹೋಪ್ ಫಾರ್ಮ್ ಸರ್ಕಲ್ ಮುಟ್ಟುವಷ್ಟರಲ್ಲಿ ಮನೆಯಲ್ಲಿ ಸೊಪ್ಪು ಬಾಡಿರುತ್ತದೆ. 2023ರಲ್ಲಿ ಮೆಟ್ರೊ ಕಾಡುಗೋಡಿಯವರೆಗೆ ಬಂತು. ಅಂದಿನಿಂದ ನಮಗೊಂದು ಹೊಸ ಸೌಕರ್ಯ: ಕೆಳಗೆ ನಿಂತ ಕಾರುಗಳನ್ನು ಮೇಲಿನಿಂದ ನೋಡಿ ಕನಿಕರಪಡಬಹುದು. 1882ರಲ್ಲಿ ವೈಟ್ ಎಂಬ ಮಹಾಶಯರು ಮೈಸೂರು ಅರಸರಿಂದ ಜಮೀನು ಪಡೆದು, ಆಂಗ್ಲೋ ಇಂಡಿಯನ್ನರು ಬೇಸಾಯ ಮಾಡಿಕೊಂಡು ತಣ್ಣಗೆ ಬದುಕಲೆಂದು ಕಟ್ಟಿಸಿದ ಊರು ಇದು. ತಣ್ಣಗೆ ಎನ್ನುವುದನ್ನು ಈಗ ಎ.ಸಿ. ನೋಡಿಕೊಳ್ಳುತ್ತದೆ.

ಇಂಥ ಊರಿಗೆ ತಕ್ಕ ಹಕ್ಕಿ ಎಂದರೆ ಪೆರೆಗ್ರಿನ್ ಫಾಲ್ಕನ್ ಎಂದು ನನ್ನ ಪಕ್ಷಿಪ್ರಿಯ ಗೆಳೆಯರ ತೀರ್ಮಾನ. ಮೇಲಿನಿಂದ ಎರಗುವಾಗ ಅದರ ವೇಗ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ. ಜೀವ ಇರುವ ಯಾವುದೂ ಅದಕ್ಕಿಂತ ಜೋರಾಗಿ ಹೋಗುವುದಿಲ್ಲ. ಮೂಲತಃ ಅದು ಕಡಿಬಂಡೆಗಳ ಹಕ್ಕಿ. ಆದರೆ ಎತ್ತರದ ಕಟ್ಟಡವೂ ಒಂದು ಬಗೆಯ ಬಂಡೆಯೇ ಎಂದು ಅದಕ್ಕೆ ಬಹಳ ಹಿಂದೆಯೇ ಹೊಳೆದಿತ್ತು. ಕೆನಡಾದ ಮಾಂಟ್ರಿಯಲ್‌ನಲ್ಲಿ ಸನ್ ಲೈಫ್ ವಿಮಾ ಕಂಪನಿಯ ಕಟ್ಟಡದ ಮೇಲೆ 1936ರಿಂದ 1952ರವರೆಗೆ ಅವು ಸಂಸಾರ ಹೂಡಿದ್ದವು. ಆಮೇಲೆ ಡಿಡಿಟಿ ಬಂತು. ಹೊಲಕ್ಕೆ ಹೊಡೆದ ವಿಷ ಹುಳುವಿನಿಂದ ಸಣ್ಣ ಹಕ್ಕಿಗೆ, ಸಣ್ಣ ಹಕ್ಕಿಯಿಂದ ಇದಕ್ಕೆ ಏರಿ, ಮೊಟ್ಟೆಯ ಚಿಪ್ಪು ಎಷ್ಟು ತೆಳುವಾಯಿತೆಂದರೆ ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯತೊಡಗಿತು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. ಮರಿಗಳನ್ನು ಸಾಕಿ ಬಿಟ್ಟರು. ಹಕ್ಕಿ ಮರಳಿ ಬಂತು. ಈಗ ನ್ಯೂಯಾರ್ಕ್, ಲಂಡನ್‌ಗಳ ಗೋಪುರಗಳಲ್ಲಿ ಅದರ ಮನೆ. ಎಷ್ಟೋ ಗೂಡುಗಳಿಗೆ ಕ್ಯಾಮೆರಾ ಇಟ್ಟಿದ್ದಾರೆ. ಜನ ಆಫೀಸಿನ ಕೆಲಸ ಪಕ್ಕಕ್ಕೆ ಸರಿಸಿ ಮೊಟ್ಟೆ ಒಡೆಯುವುದನ್ನು ಕಾಯುತ್ತಾರೆ.

ನಮ್ಮ ಕಡೆಗೂ ಚಳಿಗಾಲದಲ್ಲಿ ಉತ್ತರದ ಹಿಮದ ನಾಡುಗಳಿಂದ ಕೆಲವು ಬರುತ್ತವೆ. ಎತ್ತರ ನೋಡಿ ಕೂತು, ಪಾರಿವಾಳ ತಿಂದು, ಬೇಸಿಗೆ ಬಲಿಯುವ ಮುಂಚೆ ಹೊರಟುಬಿಡುತ್ತವೆ. ಪಕ್ಕಾ ಆನ್‌ಸೈಟ್ ಗಿರಾಕಿಗಳು, ಬಾಣಂತನವೆಲ್ಲ ತಮ್ಮೂರಲ್ಲೇ. ಇಲ್ಲೇ ಹುಟ್ಟಿ ಇಲ್ಲೇ ಬಾಳುವ ಒಳನಾಡಿನ ದಾಯಾದಿ ಒಂದಿದೆ, ಶಾಹೀನ್ ಎಂದು. ಎದೆ ಹೊಟ್ಟೆಯೆಲ್ಲ ಕಾವಿಬಣ್ಣ. ಗೂಡಿಗೆ ಅದು ಹೆಚ್ಚಾಗಿ ನೆಚ್ಚುವುದು ಬೆಟ್ಟದ ಕಡಿದಾದ ಬಂಡೆಯನ್ನೇ; ಸಾಲ ಮಾಡಿ ಫ್ಲ್ಯಾಟ್ ಕೊಳ್ಳುವ ದರ್ದು ಅದಕ್ಕೆ ಬರುವುದು ಅಪರೂಪ.

ಹಾಗಾಗಿ ನನ್ನ ಪಾಲಿಗೆ ಬಂದದ್ದು ಹದ್ದು. ಬರೀ ಹದ್ದು. ಕವಲು ಬಾಲದ, ಮಣ್ಣುಬಣ್ಣದ, ಕೋಳಿ ಅಂಗಡಿಯ ಹಿಂದೆ ಸುತ್ತುವ, ಯಾರೂ ತಲೆಯೆತ್ತಿ ನೋಡದ ಹಕ್ಕಿ. ಇದರ ಹತ್ತಿರದ ನೆಂಟ ಗರುಡನಿಗೆ ಬಿಳಿ ತಲೆ, ಕೆಂಗಂದು ಮೈ. ಅದು ಕಂಡರೆ ಸ್ಕೂಟರ್ ನಿಲ್ಲಿಸಿ ಕೆನ್ನೆ ಮುಟ್ಟಿಕೊಳ್ಳುವವರಿದ್ದಾರೆ. ಕುಂಭಾಭಿಷೇಕದ ಹೊತ್ತಿಗೆ ಗೋಪುರದ ಮೇಲೆ ಅದು ಒಂದು ಸುತ್ತು ಹಾಕಿದರೆ ಭಕ್ತರ ಕಣ್ಣಲ್ಲಿ ನೀರು. ಅದೇ ಗಾಳಿಯಲ್ಲಿ, ಅಷ್ಟೇ ಚೆಂದವಾಗಿ ಸುತ್ತುವ ಹದ್ದನ್ನು ಕಂಡರೆ ನಾವು ಮಾಳಿಗೆಯ ಮೇಲೆ ಒಣಹಾಕಿದ ಮೀನನ್ನು ಒಳಗಿಡುತ್ತೇವೆ.

ಸರ್ಕಾರ ಮಾತ್ರ ಹದ್ದಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸುತ್ತದೆ. ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆಯುವಾಗ ಸುತ್ತಲಿನ ಮಾಂಸದಂಗಡಿಗಳನ್ನೆಲ್ಲ ಮುಚ್ಚಿಸುತ್ತಾರೆ. 2023ರಲ್ಲಿ ಇದರ ವ್ಯಾಪ್ತಿ ಸುತ್ತ ಹತ್ತು ಕಿಲೋಮೀಟರ್ ಇತ್ತು. 2025ರಲ್ಲಿ ಅದು ಹದಿಮೂರಕ್ಕೆ ಏರಿತು. ಬಿಸಾಡಿದ ಮಾಂಸದ ಚೂರಿಗೆ ಹದ್ದು ಬರುತ್ತದೆ, ಹದ್ದು ವಿಮಾನಕ್ಕೆ ಸಿಕ್ಕರೆ ವಿಮಾನಕ್ಕೇ ಕಂಟಕ. ಕೋಟಿಗಟ್ಟಲೆ ಬೆಲೆಯ ಯುದ್ಧವಿಮಾನಗಳು ಹಾರುವ ಮುಂಚೆ, ಒಂದು ಕಿಲೋ ತೂಗದ ಹಕ್ಕಿಯ ಊಟದ ವೇಳಾಪಟ್ಟಿ ವಿಚಾರಿಸಿಕೊಳ್ಳಬೇಕಾಗುತ್ತದೆ. ಗರುಡನಿಗಾಗಿ ಯಾರೂ ಮಟನ್ ಅಂಗಡಿ ಮುಚ್ಚಿಸಿದ್ದು ನಾನು ಕೇಳಿಲ್ಲ.

ನಮ್ಮ ಹದ್ದುಗಳು ಸಂಕ್ರಾಂತಿ ಮುಗಿದ ಮೇಲೆ ಎದುರು ಕಟ್ಟಡದ ಮೊಬೈಲ್ ಟವರ್ ಏರಿದವು. ಗಂಡು ಕಡ್ಡಿ ತರುವುದು, ಹೆಣ್ಣು ಅದನ್ನು ಒಂದು ಕಡೆ ಇಟ್ಟು, ತೆಗೆದು, ಇನ್ನೊಂದು ಕಡೆ ಇಡುವುದು. ಕಡ್ಡಿಗಳ ಜೊತೆಗೆ ಕಟ್ಟಡದ ಕಂಬಿ ಬಿಗಿಯುವ ತಂತಿ, ಯಾರದೋ ಬನಿಯನ್ನು, ಬಿಳಿ ಪ್ಲಾಸ್ಟಿಕ್ ಚೀಲದ ಚೂರು ಎಲ್ಲ ಸೇರಿದವು. ಒಂದು ದಿನ ನೀಲಿ ಬಣ್ಣದ ಐಡಿ ಕಾರ್ಡಿನ ಪಟ್ಟಿಯೊಂದು ಗೂಡಿನ ಅಂಚಿನಿಂದ ನೇತಾಡತೊಡಗಿತು. ಇದು ಯಾವ ಕಂಪನಿಯದೆಂದು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಚರ್ಚೆ ಎದ್ದಿತು. ಕೆಲಸ ಬಿಟ್ಟವನು ಕಿತ್ತೆಸೆದದ್ದೋ, ಕೆಲಸದಿಂದ ತೆಗೆದಾಗ ಬಿದ್ದದ್ದೋ ಎಂಬಲ್ಲಿಗೆ ಬಂದು ಚರ್ಚೆ ತಾನಾಗಿ ನಿಂತಿತು.

ಬಿಳಿ ಪ್ಲಾಸ್ಟಿಕ್ ಸುಮ್ಮನೆ ಬಂದದ್ದಲ್ಲ. ಸ್ಪೇನಿನ ದೊನ್ಯಾನದಲ್ಲಿ ಇದೇ ಜಾತಿಯ ಹದ್ದುಗಳನ್ನು ಅಭ್ಯಾಸ ಮಾಡಿದ ವಿಜ್ಞಾನಿಗಳು 2011ರಲ್ಲಿ ಒಂದು ಸೊಗಸಾದ ಸಂಗತಿ ಪ್ರಕಟಿಸಿದರು. ಹರೆಯದ, ಬಲಶಾಲಿ ಹದ್ದುಗಳು ಗೂಡಿಗೆ ಬಿಳಿ ಪ್ಲಾಸ್ಟಿಕ್ಕಿನ ಅಲಂಕಾರ ಹೆಚ್ಚು ಮಾಡುತ್ತವೆ; ತೀರ ಎಳೆಯವೂ ಮುದಿಯವೂ ಆ ತಂಟೆಗೆ ಹೋಗುವುದಿಲ್ಲ. ಅಲಂಕಾರ ಜೋರಾಗಿದ್ದ ಗೂಡಿನ ತಂಟೆಗೆ ನೆರೆಯ ಹದ್ದುಗಳೂ ಬರುವುದು ಕಡಿಮೆ. ಇದನ್ನು ನಾನು ಪಕ್ಕದ ಮನೆಯ ರಾಯರಿಗೆ ಹೇಳಿದೆ. ರಾಯರು ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಸ್ವಲ್ಪ ಹೊತ್ತು ಯೋಚಿಸಿ, ‘ನಮ್ಮ ಸೊಸೆ ಹಾಲಿಗೆ ಫಾಲ್ಸ್ ಸೀಲಿಂಗ್ ಹಾಕಿಸಿದ್ದು ಇದಕ್ಕೇ ಅನ್ನಿ. ಅವತ್ತಿಂದ ಅವಳ ಅಕ್ಕ ಈ ಕಡೆ ತಲೆ ಹಾಕಿಲ್ಲ’ ಎಂದರು.

ಟವರ್ ಮೇಲೆ ಗೂಡು ಎಂಬುದು ರಾಯರಿಗೆ ಸ್ವಂತ ಗೌರವದ ಪ್ರಶ್ನೆಯೂ ಹೌದು. 1948ರಲ್ಲಿ ಹುಟ್ಟಿದ ಅವರ ಕಾರ್ಖಾನೆ ದೇಶಕ್ಕೆಲ್ಲ ಟೆಲಿಫೋನು ಮಾಡಿಕೊಟ್ಟದ್ದು. ‘ನಮ್ಮ ಕಾಲದಲ್ಲಿ ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದರು ಸ್ವಾಮಿ. ಅಷ್ಟು ಕಾದರೂ ಅದರ ಮೇಲೊಂದು ಗುಬ್ಬಿ ಗೂಡು ಕಟ್ಟಲಿಲ್ಲ’ ಎಂದು ಮಗನ ಮೊಬೈಲನ್ನು ಅಸೂಯೆಯಿಂದ ನೋಡುತ್ತಾರೆ.

ಮೊಟ್ಟೆ ಇಟ್ಟ ಮೇಲೆ ಹೆಣ್ಣು ಕೂತಿತು. ಕೂತೇ ಇತ್ತು. ನಾವು ಬೈನಾಕ್ಯುಲರ್ ಹಿಡಿದು ಬೆಳಿಗ್ಗೆ ನೋಡಿದರೂ ಕೂತಿತ್ತು, ಆಫೀಸಿನಿಂದ ಬಂದು ನೋಡಿದರೂ ಕೂತಿತ್ತು. ಗಂಡು ಆಗಾಗ ಬಂದು ಹೆಗ್ಗಣದ ಒಂದು ಪಾಲು ಕೊಟ್ಟು, ಕೆಲವೊಮ್ಮೆ ಕಾವಿಗೆ ತಾನೂ ಒಂದಿಷ್ಟು ಹೊತ್ತು ಕೂತು ಹೋಗುತ್ತಿತ್ತು. ಹೀಗೆ ಸುಮಾರು ಒಂದು ತಿಂಗಳು. ರಾಯರ ಮೊಮ್ಮಗನಿಗೆ ಇದು ಸಹಿಸಲಾಗಲಿಲ್ಲ. ‘ಏನೂ ಆಗ್ತಾನೇ ಇಲ್ವಲ್ಲ ಅಂಕಲ್’ ಎಂದ. ಅವನಿಗೆ ನಾನು ಪೆರೆಗ್ರಿನ್ ಕಥೆ ಹೇಳಿದೆ. ಗಂಟೆಗೆ 300 ಕಿಲೋಮೀಟರ್ ಹೋಗುವ ಹಕ್ಕಿಯೂ ಕಾವಿಗೆ ಕೂರುವುದು ಇಷ್ಟೇ ದಿನ. ಮರಿ ಗೂಡು ಬಿಡಲು ಅದಕ್ಕೂ ಆರು ವಾರ ಬೇಕು. ಎರಗುವ ವೇಗ ಎಷ್ಟಿದ್ದರೂ ಮೊಟ್ಟೆ ಬೇಗ ಒಡೆಯುವುದಿಲ್ಲ. ವೇಗಕ್ಕೆ ಸಿಗುವುದು ಪಾರಿವಾಳ. ಮರಿ ಸಿಗುವುದು ಕೂತವರಿಗೆ. ಹುಡುಗ ತಲೆಯಾಡಿಸಿ ಒಳಗೆ ಹೋದ. ಅವನು ಹೋದ ಮೇಲೆ ನನಗೂ ಇದು ಸ್ವಲ್ಪ ತಟ್ಟಿತು. ನಾವು ಸ್ಪ್ರಿಂಟ್ ಎನ್ನುತ್ತೇವೆ, ಡೆಡ್‌ಲೈನ್ ಎನ್ನುತ್ತೇವೆ, ಮಗುವಿಗೆ ಒಂದೂವರೆ ವರ್ಷಕ್ಕೇ ಪ್ಲೇಸ್ಕೂಲಿನ ಫಾರಂ ತರುತ್ತೇವೆ. ಆದರೂ ನಮ್ಮ ಅಜ್ಜಿಯರು ಬಾಣಂತಿಯನ್ನು ಕೋಣೆಯಲ್ಲಿ ಕೂರಿಸುತ್ತಿದ್ದ ಅಷ್ಟು ದಿನಗಳನ್ನು ಕಡಿಮೆ ಮಾಡುವ ಆ್ಯಪ್ ಇನ್ನೂ ಬಂದಿಲ್ಲ.

ಮೊಟ್ಟೆ ಒಡೆದದ್ದು ನಮಗೆ ಗೊತ್ತಾದದ್ದು ತಾಯಿಯ ತಲೆ ಕೆಳಗೆ ಬಾಗಿ, ಕೊಕ್ಕು ಚೂರು ಚೂರು ಕಿತ್ತು ಯಾರಿಗೋ ಕೊಡತೊಡಗಿದಾಗ. ಆಮೇಲೆ ಹಿಂಜಿದ ಹತ್ತಿಯಂಥ ಮೂರು ತಲೆಗಳು ಅಂಚಿನ ಮೇಲೆ ಎದ್ದವು. ಮೂರೂ ಒಂದೇ ದಿನ ಹುಟ್ಟಿದವಲ್ಲ. ದೊಡ್ಡದು ಚಿಕ್ಕದಕ್ಕಿಂತ ಹಲವು ದಿನ ಹಿರಿದು, ಊಟದ ಪಂಕ್ತಿಯಲ್ಲಿ ಮೊದಲ ಎಲೆ ಅದರದೇ. ಏಪ್ರಿಲ್ ಬಿಸಿಲು ಏರಿದಾಗ ತಾಯಿ ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆ ಅರ್ಧ ಬಿಚ್ಚಿ ನೆರಳು ಹಿಡಿಯುತ್ತಿತ್ತು. ಕೆಳಗೆ ನೀರಿನ ಟ್ಯಾಂಕರ್‌ಗೆ ಕಾಯುತ್ತ ನಾವೂ ನೆರಳಲ್ಲಿ ನಿಂತಿರುತ್ತಿದ್ದೆವು.

ಈ ಹೊತ್ತಿಗೆ ಅಪಾರ್ಟ್‌ಮೆಂಟಿನಲ್ಲಿ ಎರಡು ಪಕ್ಷಗಳಾದವು. ಮರಿಗಳು ಅಚ್ಚುಕಟ್ಟಾದವು, ಹೇಸಿಗೆ ಬಂದರೆ ಅಂಚಿಗೆ ಹಿಂದಡಿ ಇಟ್ಟು ಹೋಗಿ, ಬಾಲ ಎತ್ತಿ, ಗೂಡಿನಾಚೆಗೆ ಪಿಚಕಾರಿ ಬಿಡುತ್ತವೆ. ಗೂಡು ಶುದ್ಧ. ಕೆಳಗೆ ಬೀದಿಯಲ್ಲಿ ನಿಲ್ಲಿಸಿದ ನಮ್ಮವರ ಬಿಳಿ ಕಾರು ಶುದ್ಧವಲ್ಲ. ಕಾರಿನ ಪಕ್ಷ ಗೂಡು ತೆಗೆಸಬೇಕೆಂದಿತು. ಗೂಡಿನ ಪಕ್ಷ 1972ರ ವನ್ಯಜೀವಿ ಕಾಯ್ದೆಯ ಪಿಡಿಎಫ್ ಗುಂಪಿಗೆ ಹಾಕಿತು. ಇಡೀ ಕಾಯ್ದೆ, ಯಾರೂ ತೆರೆಯಲಿಲ್ಲ, ಆದರೆ ಅದರ ಪುಟಗಳ ಸಂಖ್ಯೆಗೇ ಎದುರು ಪಕ್ಷ ತಣ್ಣಗಾಯಿತು. ತಾಯಿಹದ್ದು ಕಾಯ್ದೆಯನ್ನು ನಂಬಿ ಕೂರಲಿಲ್ಲ. ಟೆರೇಸಿಗೆ ಟ್ಯಾಂಕ್ ತೊಳೆಯಲು ಬಂದವನ ತಲೆಗೆ ಹಿಂದಿನಿಂದ ಒಂದು ಕೊಟ್ಟಿತು. ರಸ್ತೆಯಲ್ಲಿ ಎಂದೂ ಹೆಲ್ಮೆಟ್ ಹಾಕದ ಆ ಮನುಷ್ಯ ಮಾರನೇ ದಿನ ಟೆರೇಸಿಗೆ ಹೆಲ್ಮೆಟ್ ಹಾಕಿಕೊಂಡು ಬಂದ, ಪಟ್ಟಿಯನ್ನೂ ಬಿಗಿದುಕೊಂಡು.

ನಮ್ಮ ಗೇಟಿನ ಸೆಕ್ಯೂರಿಟಿಯವನು ಯಾದಗಿರಿ ಕಡೆಯವನು. ಅವನಿಗೆ ಈ ಸಂಭ್ರಮವೇ ಅರ್ಥವಾಗದು. ‘ನಮ್ಮೂರಾಗ ಇದು ಕೋಳಿಮರಿ ಎತ್ಕೊಂಡ್ ಹೋಗ್ತದಂತ ಕಲ್ಲು ಹೊಡಿತಾರ್ರಿ ಸರ. ಇಲ್ಲಿ ನೀವು ದುರ್ಬೀನ್ ಹಚ್ಚಿ ನೋಡ್ತೀರಿ’ ಎಂದ. ಆದರೆ ಕಾಗೆಗಳು ಗುಂಪುಗಟ್ಟಿ ಬಂದು ತಾಯಿಯ ಬಾಲ ಜಗ್ಗಿದ ದಿನ ಚಪ್ಪಾಳೆ ತಟ್ಟಿ ಕಾಗೆ ಓಡಿಸಿದವನೂ ಅವನೇ. ಒಂದು ಬೆಳಿಗ್ಗೆ ಅಂಚಿನಲ್ಲಿ ಎರಡೇ ತಲೆ ಕಂಡಾಗ ಅದನ್ನು ಮೊದಲು ಗಮನಿಸಿದವನೂ ಅವನೇ. ‘ಸಣ್ಣದು ಇಲ್ರಿ’ ಎಂದಷ್ಟೇ ಹೇಳಿದ. ತಿಂಡಿಯ ಚಿತ್ರದಿಂದ ಪ್ಲಂಬರ್ ನಂಬರಿನವರೆಗೆ ಎಲ್ಲ ಬರುವ ಗುಂಪಿನಲ್ಲಿ ಆ ಸುದ್ದಿಯನ್ನು ಯಾರೂ ಹಾಕಲಿಲ್ಲ.

ಉಳಿದೆರಡು ಬಲಿತವು. ಮೈಮೇಲೆ ಕಂದು ಗರಿ, ಗರಿಯ ತುದಿಗೆ ತಿಳಿ ಚುಕ್ಕೆ. ಟವರಿನ ಕಂಬಿ ಹಿಡಿದು ಗಾಳಿಗೆ ರೆಕ್ಕೆ ಬಡಿಯುವುದು, ಕಾಲು ಒಂದಿಷ್ಟು ಮೇಲೆದ್ದರೆ ತಾವೇ ಬೆಚ್ಚಿ ಕೂರುವುದು. ಗಾಳಿಪಟದ ಕಾಲ ಇನ್ನೂ ಬಂದಿರಲಿಲ್ಲ, ಅದೊಂದು ಸಮಾಧಾನ. ಗಾಜುಪುಡಿ ಹಚ್ಚಿದ ನೈಲಾನ್ ಮಾಂಜಾ ದಾರವನ್ನು ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶವಿಡೀ ನಿಷೇಧಿಸಿದೆ. ನಿಷೇಧ ಕಾಗದದಲ್ಲಿದೆ, ದಾರ ಮರದಲ್ಲಿದೆ. ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ಆಸ್ಪತ್ರೆಗೆ ರೆಕ್ಕೆ ಸೀಳಿಕೊಂಡು ಬರುವವುಗಳಲ್ಲಿ ಹದ್ದಿನದೇ ದೊಡ್ಡ ಪಾಲು.

ಮೇ ತಿಂಗಳ ಮೊದಲ ಜೋರು ಮಳೆಯ ಮಾರನೆಯ ಸಂಜೆ ನೆಲದಿಂದ ಗೆದ್ದಲಿನ ರೆಕ್ಕೆಹುಳುಗಳು ಎದ್ದವು. ಊರಿನ ಹದ್ದುಗಳೆಲ್ಲ ಆಕಾಶದಲ್ಲಿ ನೆರೆದು, ಕಾಲಲ್ಲಿ ಹುಳು ಹಿಡಿದು, ಹಾರುತ್ತಲೇ ಬಾಯಿಗಿಟ್ಟುಕೊಳ್ಳುತ್ತಿದ್ದವು. ನಮ್ಮ ಮರಿಗಳೂ ಆ ಗುಂಪಿನಲ್ಲಿದ್ದವು, ಹಿಡಿದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು. ಆದರೆ ಹಾರಲು ಬಂದ ಮಾತ್ರಕ್ಕೆ ಮನೆ ಬಿಟ್ಟವೆಂದಲ್ಲ. ದಿನವಿಡೀ ಎಲ್ಲೆಲ್ಲೋ ಅಲೆದು, ಹಸಿವಾದಾಗ ಟವರಿಗೆ ಬಂದು ಕೂತು ಚೀರುತ್ತಿದ್ದವು. ಅಪ್ಪ ತಂದು ಕೊಡುತ್ತಿತ್ತು. ರಾಯರು ಒಳಗೆ ಹೆಡ್‌ಫೋನ್ ಹಾಕಿಕೊಂಡು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಮಗನ ಕೋಣೆಯ ಕಡೆ ಒಮ್ಮೆ, ಟವರಿನ ಕಡೆ ಒಮ್ಮೆ ನೋಡಿದರು. ಏನೂ ಹೇಳಲಿಲ್ಲ.

ಅಷ್ಟರಲ್ಲಿ ಟವರ್ ರಿಪೇರಿಯ ಹುಡುಗ ಮತ್ತೆ ಬಂದ. ಮಾರ್ಚಿನಲ್ಲಿ ಒಮ್ಮೆ ಹತ್ತಲು ಹೋಗಿ, ತಲೆಯ ಮೇಲೆ ಗಾಳಿ ಸುಯ್ಯೆಂದದ್ದೇ ಇಳಿದಿದ್ದವನು. ಅಂದಿನಿಂದ ನಮ್ಮ ಬೀದಿಯಲ್ಲಿ ನೆಟ್‌ವರ್ಕ್ ತೆವಳುತ್ತಿತ್ತು. ಸೊಂಟಕ್ಕೆ ಬೆಲ್ಟು ಬಿಗಿದು, ಮೇಲೆ ನೋಡಿ, ಸೆಕ್ಯೂರಿಟಿಯವನನ್ನು ಕೇಳಿದ: ‘ಇನ್ನೂ ಇದಾವಾ ಅಣ್ಣ?’

‘ಮಕ್ಕಳು ಹಾರ್ಯಾವ. ಊಟಕ್ಕ ಬರ್ತಾವ.’

ಹುಡುಗ ಬೆಲ್ಟು ಬಿಚ್ಚಿ ಟೀ ಕುಡಿಯಲು ಹೋದ. ಗೇಟಿನ ಹತ್ತಿರ ಹತ್ತಾರು ಸಾಫ್ಟ್‌ವೇರ್ ಎಂಜಿನಿಯರುಗಳು ನಿಂತಿದ್ದೆವು. ವಿಡಿಯೊ ಕಾಲ್ ಅರ್ಧಕ್ಕೆ ನಿಂತರೆ ಕಂಪನಿಗೆ ಖಾರವಾಗಿ ಬರೆಯುವವರು, ಪಾರ್ಸೆಲ್ ಹನ್ನೊಂದನೇ ನಿಮಿಷಕ್ಕೆ ಬಂದರೆ ಸ್ಟಾರ್ ಕಡಿಮೆ ಕೊಡುವವರು. ಕಾರಿನ ಪಕ್ಷದವರೂ ಇದ್ದರು. ‘ಇರಲಿ ಬಿಡಿ, ಇನ್ನೊಂದು ವಾರ’ ಎಂದು ಯಾರೋ ಅಂದರು, ಉಳಿದವರು ಹ್ಞೂಂಗುಟ್ಟಿದರು. ವೈಟ್‌ಫೀಲ್ಡಿನಲ್ಲಿ ಇಂಟರ್ನೆಟ್ ನಿಧಾನವಾದರೂ ಪರವಾಗಿಲ್ಲ ಎಂದು ಅಷ್ಟು ಜನ ಒಟ್ಟಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು. ಪೆರೆಗ್ರಿನ್ನಿಂದ ಈ ಕೆಲಸ ಆಗುತ್ತಿತ್ತೋ ಇಲ್ಲವೋ. ಕೋಳಿ ಅಂಗಡಿಯ ಗಿರಾಕಿಯಿಂದಂತೂ ಆಯಿತು.